ಕಪ್ಪತಗುಡ್ಡಕ್ಕೆ ಸೈಕಲ್ ಸವಾರಿ

‘ಅಪ್ಪಾ, ನಾವೆಲ್ಲಾರೂ ಕೂಡಿ ಸೈಕಲ್ ಮ್ಯಾಲ ಗುಡ್ಡಕ್ಕ ಹೋಗಿ ಬರ್ತೀವಿ’ ಎಂದರೆ ಶಿರಹಟ್ಟಿಯ ಯಾವ ಮನೆಯಲ್ಲೂ ಮೊದಲು ಬರುವ ಉತ್ತರ, ‘ಓದೂದು ಬಿಟ್ಟು ಅದೇನ್ ಹುಚ್ಚ?’ ಕೇಳಿದವಳು ಮಗಳಾದರಂತೂ ಮನೆಯಲ್ಲಿ ಪಂಚಾಯಿತಿಯೇ ಸೇರುತ್ತದೆ. ಹೆತ್ತವರ ಭಯ ಸುಳ್ಳಲ್ಲ. ಲಾರಿ, ಟ್ರ್ಯಾಕ್ಟರು, ಇಳಿಜಾರು ಎಲ್ಲವೂ ಇವೆ. ಆದರೆ ಎಂಟು ಹತ್ತು ಮಂದಿ ಒಬ್ಬ ಮಾಸ್ತರರನ್ನು ಕರೆದುಕೊಂಡು ನಸುಕಿನಲ್ಲೇ ಹೊರಟರೆ ಆ ಭಯ ಅರ್ಧ ಕಡಿಮೆಯಾಗುತ್ತದೆ.

ಫಕೀರೇಶ್ವರ ಮಠದ ಮುಂದೆ ಸೇರಿ, ಊರು ದಾಟಿ ಗುಡ್ಡದ ಸೆರಗಿನ ಕಡಕೋಳದ ಕಡೆ ತಿರುಗಿದರೆ ಎದುರಿಗೇ ಕಪ್ಪತಗುಡ್ಡ. ಗೇರಿನ ಸೈಕಲ್ಲೇ ಬೇಕೆಂದಿಲ್ಲ. 2006-07ರಿಂದ ಹಲವು ವರ್ಷ ಎಂಟನೆಯ ತರಗತಿಯವರಿಗೆ ಸರಕಾರ ಕೊಟ್ಟಂಥ ಸಾದಾ ಸೈಕಲ್ಲೂ ನಡೆದೀತು. ಏರು ಬಂದಲ್ಲಿ ಇಳಿದು ತಳ್ಳಿದರಾಯಿತು, ಅದರಲ್ಲಿ ನಾಚಿಕೆಯೇನು? ಎಲ್ಲರಿಗಿಂತ ಮೆಲ್ಲಗೆ ತುಳಿಯುವವನು ಮುಂದಿರಬೇಕು. ಗಟ್ಟಿಗ ಪಂಪು ಹಿಡಿದು ಕೊನೆಗೆ ಬರಬೇಕು. ಇದು ತಲೆಕೆಳಗಾದರೆ ತಂಡ ಎರಡು ಮೈಲಿಯಲ್ಲೇ ಚೂರಾಗುತ್ತದೆ. ಇಳಿಜಾರಿನಲ್ಲಿ ತಿರುವಿಗೆ ಮೊದಲೇ ಎರಡೂ ಬ್ರೇಕುಗಳನ್ನು ಹದವಾಗಿ ಒತ್ತಬೇಕು. ಮುಂದಿನದನ್ನೊಂದೇ ಗಕ್ಕನೆ ಹಿಡಿದವನು ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಜಾಲಿಮುಳ್ಳಿನ ಸೀಮೆಯಿದು, ಪಂಚರ್ ಸಾಮಾನು ಮರೆಯುವಂತಿಲ್ಲ.

ಇನ್ನು ಗಾಳಿ. ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳೇ ಅದರ ಬಲ ಹೇಳುತ್ತವೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಹೋಗುವಾಗ ಬೆನ್ನು ತಟ್ಟುತ್ತದೆ. ಅದನ್ನು ತಮ್ಮ ಕಾಲಿನ ಕಸುವೆಂದು ತಿಳಿದ ಹುಡುಗರು ಮರಳುವಾಗ ಬಳಲಿ ಬೆಂಡಾಗುತ್ತಾರೆ. ಚಳಿಗಾಲದಲ್ಲಿ ಗಾಳಿ ಬಹುಮಟ್ಟಿಗೆ ಪೂರ್ವದ್ದು, ಆದ್ದರಿಂದ ಕಷ್ಟ ಮೊದಲು, ಸುಖ ಆಮೇಲೆ. ಮಕ್ಕಳನ್ನು ಮೊದಲ ಸಲ ಕಳಿಸುವುದಿದ್ದರೆ ಆ ದಿನಗಳೇ ವಾಸಿ.

ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡದ ಮಣ್ಣಿನಲ್ಲಿ ಚಿನ್ನವೂ ಇದೆ. ಬ್ರಿಟಿಷರ ಕಾಲದಲ್ಲೇ ಅಗೆದಿದ್ದರು. ಸಂರಕ್ಷಿತ ಪ್ರದೇಶವೆಂಬ ಘೋಷಣೆ 2016ರಲ್ಲಿ ರದ್ದಾದಾಗ ಜನ ಸುಮ್ಮನಿರಲಿಲ್ಲ. 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಗದುಗಿನಲ್ಲಿ ಧರಣಿ ಕೂತರು; ಏಪ್ರಿಲ್ ಹೊತ್ತಿಗೆ ಆ ಸ್ಥಾನ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಹೀಗಾಗಿ ಅರಣ್ಯ ಇಲಾಖೆಯನ್ನು ಕೇಳದೆ ಒಳದಾರಿಗೆ ಸೈಕಲ್ ಇಳಿಸುವಂತಿಲ್ಲ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು, ಚಹಾ ಕಾಸುವ ಆಸೆ ಬೇಡ.

ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮುಗಿಸಿ ಬಿಸಿಲು ತಗ್ಗಿದ ಮೇಲೆ ಹೊರಟರೆ ದೀಪ ಹಚ್ಚುವ ಮೊದಲೇ ಊರು. ಬಾಗಿಲಲ್ಲಿ ನಿಂತ ತಾಯಿ ಮೊದಲು ನೋಡುವುದು ಮೊಣಕಾಲನ್ನು.