ವಾಕಿಂಗ್ ವೇಳೆ ನಾಯಿ ಎಳೆದಾಡುತ್ತಿದೆಯೇ? ಕಾರಣವೇನು, ತಿದ್ದುವುದು ಹೇಗೆ? ಇಲ್ಲಿದೆ ಮಾಹಿತಿ

ಹೈದರಾಬಾದ್‌ನ ಮೆಹದಿಪಟ್ಟಣಂನಲ್ಲಿ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯುವುದು ಸುಲಭದ ಮಾತಲ್ಲ. ಒಂದೆಡೆ ಬಸ್‌ಗಳ ಸಾಲು, ಇನ್ನೊಂದೆಡೆ ರೈತು ಬಜಾರ್‌ನ ಜನಜಂಗುಳಿ. ಆರಾಂಘರ್‌ವರೆಗಿನ 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಆರಂಭವಾಗುವುದೂ ಇಲ್ಲಿಂದಲೇ. ಒಳಗಿನ ಗಲ್ಲಿಗಳಿಗೆ ಹೋದರೆ ಬೀದಿ ನಾಯಿಗಳು. ಇಂತಹ ಕಡೆ ಸಾಕುನಾಯಿ ಒಮ್ಮೆ ಜೋರಾಗಿ ಎಳೆದು ಕೈತಪ್ಪಿದರೆ ಆಟೋ ಚಕ್ರಕ್ಕೆ ಸಿಲುಕಬಹುದು, ದಾರಿಹೋಕರ ಮೇಲೆ ಹಾರಬಹುದು, ಮಾಲೀಕರೇ ರಸ್ತೆಗೆ ಬೀಳಬಹುದು. ಬೆಂಗಳೂರಿನ ಗಿಜಿಗುಡುವ ರಸ್ತೆಗಳ ಕಥೆಯೂ ಬೇರೆಯಲ್ಲ.

2023ರ ಫೆಬ್ರವರಿಯಲ್ಲಿ ಇದೇ ನಗರದ ಅಂಬರ್‌ಪೇಟ್‌ನಲ್ಲಿ ಬೀದಿ ನಾಯಿಗಳ ದಾಳಿಗೆ ನಾಲ್ಕು ವರ್ಷದ ಬಾಲಕ ಬಲಿಯಾಗಿದ್ದ. ದಾಳಿ ಮಾಡಿದ್ದು ಸಾಕುನಾಯಿಗಳಲ್ಲ, ನಿಜ. ಆದರೆ ಎದುರಿಗೆ ನಾಯಿ ಎಳೆದಾಡುತ್ತಾ ಬಂದರೆ ಮಗುವನ್ನು ಎತ್ತಿಕೊಳ್ಳುವ ತಾಯಿಗೆ ಆ ವ್ಯತ್ಯಾಸ ಕಾಣುವುದಿಲ್ಲ.

ನಾಯಿ ಎಳೆಯುವುದೇಕೆ?

ಹಟದಿಂದ ಅಥವಾ ಯಜಮಾನಿಕೆ ತೋರಿಸಲು ನಾಯಿ ಎಳೆಯುತ್ತದೆ ಎಂದು ಹಲವರು ನಂಬಿದ್ದಾರೆ. ಅಸಲಿ ಕಾರಣ ಸರಳ: ಎಳೆದರೆ ಅದರ ಕೆಲಸ ಆಗುತ್ತದೆ. ನಾಯಿಯ ಸಹಜ ನಡಿಗೆ ನಮಗಿಂತ ವೇಗ. ದೂರದ ಕಂಬದ ವಾಸನೆ ಬೇಕೆಂದು ಎಳೆಯುತ್ತದೆ, ಮಾಲೀಕರು ಹಿಂದೆಯೇ ಹೆಜ್ಜೆ ಹಾಕುತ್ತಾರೆ, ಕಂಬ ಸಿಗುತ್ತದೆ. ಫಲ ಕೊಟ್ಟ ವರ್ತನೆಯನ್ನು ಪ್ರಾಣಿಗಳು ಮತ್ತೆ ಮತ್ತೆ ಮಾಡುತ್ತವೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲೇ ಬೆಕ್ಕುಗಳ ಪ್ರಯೋಗದಿಂದ ತೋರಿಸಿದ್ದರು. ಅಂದರೆ, ಎಳೆಯುವುದನ್ನು ನಾಯಿಗೆ ಗೊತ್ತಿಲ್ಲದೆ ಕಲಿಸಿದವರು ಮಾಲೀಕರೇ.

ಮೊದಲ ಪಾಠ ಮನೆಯೊಳಗೆ

ತರಬೇತಿಯನ್ನು ರಸ್ತೆಯಲ್ಲಿ ಶುರು ಮಾಡಬಾರದು. ಹಾಲ್ ಅಥವಾ ಟೆರೇಸ್‌ನಲ್ಲಿ ಲೀಶ್ ಹಾಕಿ ನಾಲ್ಕು ಹೆಜ್ಜೆ ನಡೆಯಬೇಕು. ನಾಯಿ ಪಕ್ಕದಲ್ಲೇ ಬಂದರೆ ತಕ್ಷಣ ಸಣ್ಣ ತಿಂಡಿ ಕೊಡಬೇಕು. ದಿನಕ್ಕೆ ಎರಡು ಬಾರಿ ಐದೈದು ನಿಮಿಷ ಸಾಕು. ಬಳಿಕ ಅಪಾರ್ಟ್‌ಮೆಂಟ್ ಆವರಣ, ಆಮೇಲೆ ನಿಶ್ಶಬ್ದ ಗಲ್ಲಿ, ಕೊನೆಗೆ ಜನ ಓಡಾಡುವ ರಸ್ತೆ. ಮರಿಗಳನ್ನು ಹೊರಗೆ ಕರೆದೊಯ್ಯುವ ಮುನ್ನ ಲಸಿಕೆಗಳ ಬಗ್ಗೆ ಪಶುವೈದ್ಯರನ್ನು ಕೇಳಬೇಕು.

ಲೀಶ್ ಬಿಗಿಯಾದರೆ ನಿಲ್ಲಬೇಕು

ಇಡೀ ತರಬೇತಿಯ ಜೀವಾಳ ಇದೇ. ಲೀಶ್ ಬಿಗಿಯಾದ ಕ್ಷಣ ಮಾಲೀಕರು ನಿಂತುಬಿಡಬೇಕು. ಬೈಯಬಾರದು, ಜಗ್ಗಬಾರದು. ನಾಯಿ ತಿರುಗಿ ನೋಡಿ ಲೀಶ್ ಸಡಿಲವಾದೊಡನೆ ಮತ್ತೆ ನಡೆಯಬೇಕು. ಎಳೆದರೆ ದಾರಿ ಮುಚ್ಚುತ್ತದೆ, ಸಡಿಲ ಬಿಟ್ಟರೆ ತೆರೆಯುತ್ತದೆ ಎಂಬುದು ನಾಯಿಗೆ ಹೀಗೆ ಅರ್ಥವಾಗುತ್ತದೆ. ಮೊದಲ ಕೆಲವು ದಿನ ಮನೆಯ ಗೇಟ್ ದಾಟುವುದಕ್ಕೇ ಹತ್ತು ನಿಮಿಷ ಹಿಡಿಯಬಹುದು. ಅಪ್ಪ ನಿಲ್ಲುತ್ತಾರೆ, ಮಗ ನಿಲ್ಲುವುದಿಲ್ಲ ಎಂದಾದರೆ ಪಾಠ ವ್ಯರ್ಥ. ಮನೆಮಂದಿಗೆಲ್ಲ ಒಂದೇ ನಿಯಮವಿರಬೇಕು. ನೆಟ್ಟಗೆ ನಡೆದ ನಾಯಿಗೆ ಮರದ ಬುಡ ಮೂಸಲು ಬಿಡುವುದೂ ಒಂದು ಬಹುಮಾನವೇ.

ಯಾವ ಲೀಶ್ ಸೂಕ್ತ?

ರಸ್ತೆಗೆ ನಾಲ್ಕರಿಂದ ಆರು ಅಡಿ ಉದ್ದದ ಲೀಶ್ ಒಳ್ಳೆಯದು. ಗುಂಡಿ ಒತ್ತಿದರೆ ಉದ್ದವಾಗುವ ಲೀಶ್ ವಾಹನಗಳ ನಡುವೆ ಅಪಾಯಕಾರಿ. ಎಳೆಯುವ ನಾಯಿಯ ಕುತ್ತಿಗೆಯ ಬೆಲ್ಟ್ ಶ್ವಾಸನಾಳವನ್ನು ಒತ್ತುತ್ತದೆ. ಪಗ್‌ನಂತಹ ಚಪ್ಪಟೆ ಮೂತಿಯ ತಳಿಗಳಿಗಂತೂ ಹಾರ್ನೆಸ್ ಉತ್ತಮ. ಎದೆಯ ಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್ ಎಳೆತವನ್ನು ಕಡಿಮೆ ಮಾಡುತ್ತದೆ. ಲೀಶನ್ನು ಕೈಗೆ ಸುತ್ತಿಕೊಳ್ಳಬಾರದು. ನಾಯಿ ಜಗ್ಗಿದರೆ ಬೆರಳಿಗೆ ಪೆಟ್ಟಾಗುತ್ತದೆ.

ಬೀದಿ ನಾಯಿ ಎದುರಾದರೆ

ಗಾಬರಿಯಿಂದ ಲೀಶನ್ನು ಬಿಗಿಯಾಗಿ ಎಳೆದುಕೊಂಡರೆ ಸಾಕುನಾಯಿಯ ಉದ್ವೇಗ ಹೆಚ್ಚುತ್ತದೆ. ದೂರದಲ್ಲೇ ಗಮನಿಸಿ ದಾರಿ ಬದಲಿಸುವುದು ಮೇಲು. ಓಡಬಾರದು, ಕಲ್ಲೆತ್ತಬಾರದು. "ಬಾ" ಎಂದಾಗ ಹಿಂದಕ್ಕೆ ತಿರುಗುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿದ್ದರೆ ಇಲ್ಲಿ ನೆರವಿಗೆ ಬರುತ್ತದೆ. ಕಚ್ಚಿದರೆ ಗಾಯವನ್ನು 15 ನಿಮಿಷ ಸೋಪು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೇಸಿಗೆಯಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ: ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೂ ಸುಡುತ್ತದೆ. ಬೆಳಗಿನ ಜಾವದ ವಾಕಿಂಗ್ ಸೂಕ್ತ.

ಕಾನೂನು ಏನು ಹೇಳುತ್ತದೆ?

ಸಾಕುಪ್ರಾಣಿಯಿಂದ ಜನರ ಜೀವಕ್ಕೆ ಅಪಾಯವಾಗದಂತೆ ಅಥವಾ ತೀವ್ರ ಗಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 291ರಡಿ 6 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು.

ನಾಯಿಗಳಿಗೆಂದೇ ಮೀಸಲಾದ ಪಾರ್ಕ್ ಹೈದರಾಬಾದ್‌ನ ಕೊಂಡಾಪುರದಲ್ಲಿದೆ. ಆದರೆ ದಿನಾ ಅಲ್ಲಿಗೆ ಹೋಗುವುದು ಮೆಹದಿಪಟ್ಟಣಂನ ಎಲ್ಲರಿಗೂ ಸಾಧ್ಯವಿಲ್ಲ. ಬಹುತೇಕ ನಾಯಿಗಳು ನಡೆಯಬೇಕಿರುವುದು ಮನೆ ಮುಂದಿನ ರಸ್ತೆಯಲ್ಲೇ, ನಾಯಿಗೆ ಹೆದರುವ ಜನರ ನಡುವೆಯೇ. ಲೀಶ್ ಸಡಿಲವಾಗಿದ್ದು ನಾಯಿ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದರೆ, ಎದುರು ಬರುವವರು ರಸ್ತೆ ದಾಟಿ ಹೋಗಬೇಕಾಗುವುದಿಲ್ಲ.