ಹೊಸ ಕಂಪ್ಯೂಟರಿನಲ್ಲಿ ಉಪಕರಣಗಳು ಏಕೆ ಕಾಣದಾಗುತ್ತವೆ?

ಬಿಡಿಭಾಗಗಳನ್ನು ಕೊಂಡುತಂದು ಮನೆಯಲ್ಲಿಯೇ ಕಂಪ್ಯೂಟರನ್ನು ಜೋಡಿಸುವುದು ಇಂದಿನ ವಿದ್ಯಾರ್ಥಿಗಳಿಗೆ ಅಸಾಧ್ಯವಾದ ಕೆಲಸವಲ್ಲ. ಮದರ್‌ಬೋರ್ಡಿನ ಮೇಲೆ ಪ್ರೊಸೆಸರನ್ನು ಕೂರಿಸಿ, ಮೆಮೊರಿ ಪಟ್ಟಿಗಳನ್ನು ಸಿಕ್ಕಿಸಿ, ತಂತಿಗಳನ್ನೆಲ್ಲ ಸೇರಿಸಿ ಗುಂಡಿಯನ್ನೊತ್ತಿದಾಗ ಫ್ಯಾನು ತಿರುಗಿ ಪರದೆ ಬೆಳಗಿದರೆ ಆಗುವ ಸಂತೋಷ ಸಾಮಾನ್ಯವಾದುದಲ್ಲ. ಆದರೆ ಎಷ್ಟೋ ವೇಳೆ ಆ ಸಂತೋಷ ಅಲ್ಪಾಯುವಾಗುತ್ತದೆ. ಪರದೆ ಬೆಳಗಿದೆ, ಕೀಲಿಯನ್ನೊತ್ತಿದರೆ ಅಕ್ಷರ ಮೂಡದು. ಮೌಸನ್ನು ಸರಿಸಿದರೆ ಬಾಣ ಕದಲದು. ಹೊರಗಿನಿಂದ ಜೋಡಿಸಿದ ಹಾರ್ಡ್ ಡಿಸ್ಕು ಒಮ್ಮೆ ಕಾಣಿಸಿಕೊಂಡು ಮರುಕ್ಷಣವೇ ಮಾಯವಾಗುತ್ತದೆ.

ಆಗ ಒಡನೆಯೇ ಹೊರಡುವ ತೀರ್ಪು ಒಂದೇ: "ಮದರ್‌ಬೋರ್ಡು ಕೆಟ್ಟಿದೆ." ತಿಂಗಳುಗಟ್ಟಲೆ ಕೂಡಿಟ್ಟ ಹಣದಿಂದ ತಂದ ಬೋರ್ಡನ್ನು ಬಿಚ್ಚಿ ಅಂಗಡಿಗೆ ಹೊತ್ತುಕೊಂಡು ಹೋಗುವುದುಂಟು. ಬಿಚ್ಚುವ ಗಡಿಬಿಡಿಯಲ್ಲಿ ಪ್ರೊಸೆಸರಿನ ಕೆಳಗಿರುವ ನವುರಾದ ಪಿನ್ನುಗಳಲ್ಲಿ ಒಂದೆರಡು ಬಾಗಿದರೆ, ಅದುವರೆಗೆ ಸರಿಯಾಗಿದ್ದ ಯಂತ್ರ ನಿಜವಾಗಿಯೂ ಕೆಟ್ಟಂತಾಯಿತು. ರೋಗವಾವುದೆಂದು ತಿಳಿಯದೆ ಶಸ್ತ್ರಚಿಕಿತ್ಸೆಗೆ ಕೈಹಾಕಿದ ಹಾಗೆ! ದೋಷದ ಸ್ಥಾನವನ್ನು ಕಂಡುಹಿಡಿಯಲು ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಉಪಕರಣವನ್ನು ಚುಚ್ಚಿದ ಕ್ಷಣದಿಂದ ಅದು ಕೆಲಸಮಾಡತೊಡಗುವವರೆಗೆ ಏನೇನು ನಡೆಯುತ್ತದೆ ಎಂಬುದರ ಅರಿವಿದ್ದರೆ ಸಾಕು.

ಹಿಂದೆ ಕೀಲಿಮಣೆಗೊಂದು, ಪ್ರಿಂಟರಿಗೊಂದು, ಮೋಡೆಮಿಗೊಂದು ಎಂದು ಬೇರೆ ಬೇರೆ ಆಕಾರದ ಜೋಡಣೆಗಳಿದ್ದುವು. ಈ ತೊಡಕನ್ನು ನಿವಾರಿಸಲು ಏಳು ಸಂಸ್ಥೆಗಳು ಒಟ್ಟುಗೂಡಿ ರೂಪಿಸಿದ ಯು. ಎಸ್. ಬಿ. ಎಂಬ ಏಕರೂಪದ ಜೋಡಣೆಯ ನಿಯಮಾವಳಿ ೧೯೯೬ರ ಜನವರಿಯಲ್ಲಿ ಹೊರಬಂದಿತು. ಈ ಕೆಲಸದಲ್ಲಿ ಮುಂದಾಳಾಗಿದ್ದವರಲ್ಲಿ ಬರೋಡದ ವಿಶ್ವವಿದ್ಯಾನಿಲಯದಲ್ಲಿ ಓದಿ ಅಮೆರಿಕೆಯ ಇಂಟೆಲ್ ಸಂಸ್ಥೆಯನ್ನು ಸೇರಿದ್ದ ಅಜಯ್ ಭಟ್ ಒಬ್ಬರು. ಹೀಗೆ ಹತ್ತು ಬಗೆಯ ಬಾಯಿಗಳು ಹೋಗಿ ಒಂದೇ ಬಾಯಿ ಉಳಿಯಿತು. ಅನುಕೂಲವೇನೋ ಹೆಚ್ಚಿತು; ಆದರೆ ಆ ಒಂದು ಬಾಯಿಯ ಹಿಂದೆ ಹಲವು ಕೆಲಸಗಳು ಅಡಗಿಕೊಂಡದ್ದರಿಂದ, ಯಾವ ಕೆಲಸ ನಿಂತಿತೆಂಬುದು ಹೊರಗಿನ ಕಣ್ಣಿಗೆ ತಿಳಿಯದಾಯಿತು.

ಸಾಮಾನ್ಯ ಯು. ಎಸ್. ಬಿ. ಕೇಬಲಿನಲ್ಲಿ ನಾಲ್ಕು ತಂತಿಗಳುಂಟು. ಎರಡು ತಂತಿಗಳು ಉಪಕರಣಕ್ಕೆ ೫ ವೋಲ್ಟ್ ವಿದ್ಯುತ್ತನ್ನು ಒದಗಿಸುತ್ತವೆ. ಒಂದಕ್ಕೊಂದು ಹೆಣೆದುಕೊಂಡಿರುವ ಉಳಿದೆರಡು ತಂತಿಗಳು ಮಾಹಿತಿಯನ್ನು ಒಯ್ಯುತ್ತವೆ. ಉಪಕರಣವನ್ನು ಸೇರಿಸಿದೊಡನೆ ಮೊದಲು ದೊರೆಯುವುದು ವಿದ್ಯುತ್ತು. ಎರಡನೆಯದಾಗಿ, ಉಪಕರಣ ತನ್ನ ಇರವನ್ನು ಸೂಚಿಸಬೇಕು. ಕಂಪ್ಯೂಟರಿನ ಕಡೆಯಲ್ಲಿ ಮಾಹಿತಿಯ ತಂತಿಗಳೆರಡೂ ತಲಾ ೧೫,೦೦೦ ಓಮ್ ರೋಧದ ಮೂಲಕ ನೆಲಮಟ್ಟಕ್ಕೆ ಸೇರಿರುತ್ತವೆ. ಆದುದರಿಂದ ಏನನ್ನೂ ಜೋಡಿಸದಿರುವಾಗ ಅವುಗಳ ವಿಭವ ಸೊನ್ನೆ. ಉಪಕರಣದೊಳಗೆ ೧,೫೦೦ ಓಮ್ ರೋಧವೊಂದಿದ್ದು, ಅದು ಒಂದು ತಂತಿಯನ್ನು ೩.೩ ವೋಲ್ಟಿನ ಕಡೆಗೆ ಎಳೆಯುತ್ತದೆ. ಎರಡು ರೋಧಗಳೂ ಸಾಲಾಗಿ ಸೇರಿದಾಗ ತಂತಿಯ ವಿಭವ ೩.೩ × ೧೫ ÷ ೧೬.೫, ಎಂದರೆ ೩ ವೋಲ್ಟ್ ಆಗುತ್ತದೆ. ಸೊನ್ನೆಯಿದ್ದುದು ಮೂರಕ್ಕೆ ಏರಿದುದನ್ನು ನೋಡಿ ಕಂಪ್ಯೂಟರ್ "ಬಾಗಿಲಲ್ಲಿ ಯಾರೋ ಬಂದಿದ್ದಾರೆ" ಎಂದು ತಿಳಿಯುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಲಿತ ಓಮನ ನಿಯಮವೇ ಇಲ್ಲಿಯೂ ದ್ವಾರಪಾಲಕ.

ಮೂರನೆಯ ಹಂತದಲ್ಲಿ ಪರಿಚಯ ನಡೆಯುತ್ತದೆ. ಹೊಸದಾಗಿ ಬಂದ ಉಪಕರಣದ ವಿಳಾಸ ಸೊನ್ನೆ. ಕಂಪ್ಯೂಟರ್ ಅದಕ್ಕೆ ೧ರಿಂದ ೧೨೭ರವರೆಗಿನ ಒಂದು ಸಂಖ್ಯೆಯನ್ನು ವಿಳಾಸವಾಗಿ ಕೊಟ್ಟು, ನೀನಾರು, ನಿನ್ನನ್ನು ತಯಾರಿಸಿದವರು ಯಾರು, ನಿನಗೆಷ್ಟು ವಿದ್ಯುತ್ತು ಬೇಕು ಎಂದು ವಿಚಾರಿಸುತ್ತದೆ. ಉತ್ತರ ಬಂದ ಮೇಲೆ ನಾಲ್ಕನೆಯ ಹಂತ: ಆ ಉಪಕರಣವನ್ನು ನಡೆಸಬಲ್ಲ ಡ್ರೈವರ್ ಎಂಬ ತಂತ್ರಾಂಶವನ್ನು ಹುಡುಕಿ ನೇಮಿಸುವುದು. ಇಷ್ಟೂ ಮುಗಿದ ಮೇಲೆಯೇ ಮೌಸಿನ ಬಾಣ ಕದಲುವುದು.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಂತ್ರ ತೋರುವ ಲಕ್ಷಣಗಳಿಗೆ ಅರ್ಥ ಬರುತ್ತದೆ. ಉಪಕರಣದ ದೀಪವೇ ಹೊತ್ತದಿದ್ದರೆ ಮೊದಲು ವಿದ್ಯುತ್ತನ್ನು ಶಂಕಿಸಬೇಕು. ದೀಪ ಹೊತ್ತಿದರೂ ಕಂಪ್ಯೂಟರಿಗೆ ಸುದ್ದಿಯೇ ಮುಟ್ಟದಿದ್ದರೆ ಮಾಹಿತಿಯ ತಂತಿ ಕಡಿದಿರಬಹುದು. ಮೊಬೈಲಿಗೆ ವಿದ್ಯುತ್ತು ತುಂಬಲೆಂದೇ ಮಾಡಿದ ಕೆಲವು ಅಗ್ಗದ ಕೇಬಲುಗಳಲ್ಲಿ ಆ ತಂತಿಗಳೇ ಇರುವುದಿಲ್ಲ. "ಗುರುತಿಸಲಾಗದ ಉಪಕರಣ" ಎಂಬ ಸೂಚನೆ ಬಂದರೆ ಬೇಸರಪಡಬೇಕಾದುದಿಲ್ಲ; ಅದು ಬೆಲೆಯುಳ್ಳ ಸಾಕ್ಷ್ಯ. ಮೊದಲೆರಡು ಹಂತಗಳು ನಡೆದು, ಪರಿಚಯದ ನಡುವೆ ಮಾತು ಮುರಿಯಿತೆಂದು ಅದರ ಅರ್ಥ. ಹೆಸರು ಸರಿಯಾಗಿ ಕಾಣಿಸಿಯೂ ಕೆಲಸ ನಡೆಯದಿದ್ದರೆ ಶಂಕೆ ಡ್ರೈವರಿನ ಮೇಲೆ ಹೋಗಬೇಕು.

ಹೊಸ ಕಂಪ್ಯೂಟರಿನಲ್ಲಿ ಮಾಡಬೇಕಾದ ಮೊದಲನೆಯ ಪರೀಕ್ಷೆ ಬಹು ಸುಲಭ. ಯಂತ್ರ ಏಳುವಾಗ ಬಯಾಸ್ ಪುಟವನ್ನು ತೆರೆದು ಕೀಲಿಮಣೆ ಅಲ್ಲಿ ಕೆಲಸಮಾಡುವುದೋ ಇಲ್ಲವೋ ನೋಡಬೇಕು. ಅಲ್ಲಿ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಇನ್ನೂ ಎಚ್ಚರಗೊಂಡಿರುವುದಿಲ್ಲ. ಅಲ್ಲಿ ನಡೆದ ಕೀಲಿಮಣೆ ಮುಂದೆ ನಿಂತುಹೋದರೆ ತಂತಿ, ಪೋರ್ಟು, ಬೋರ್ಡುಗಳ ಮೇಲೆ ತಪ್ಪು ಹೊರಿಸುವಂತಿಲ್ಲ. ೨೦೧೫ರಲ್ಲಿ ಇಂಟೆಲ್ ಸಂಸ್ಥೆಯ ಹೊಸ ಬೋರ್ಡುಗಳ ಮೇಲೆ, ೨೦೦೯ರಲ್ಲಿ ಹೊರಬಂದಿದ್ದ ವಿಂಡೋಸ್ ೭ನ್ನು ಸ್ಥಾಪಿಸಹೊರಟ ಅನೇಕರಿಗೆ ಇದೇ ಅನುಭವವಾಯಿತು. ಬಯಾಸಿನಲ್ಲಿ ಸರಿಯಾಗಿದ್ದ ಕೀಲಿಮಣೆ ಸ್ಥಾಪನೆಯ ಪುಟದಲ್ಲಿ ಮೂಕವಾಗುತ್ತಿತ್ತು. ಹಳೆಯ ಬಗೆಯ ಯು. ಎಸ್. ಬಿ. ನಿಯಂತ್ರಕವನ್ನು ಆ ಬೋರ್ಡುಗಳಲ್ಲಿ ಕೈಬಿಟ್ಟಿದ್ದರು. ಹೊಸ ಬಗೆಯದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ೭ರಲ್ಲಿ ಇರಲಿಲ್ಲ. ಬೋರ್ಡನ್ನು ಬದಲಾಯಿಸಿದ್ದರೆ ಏನು ಫಲ?

ಎರಡನೆಯ ಪರೀಕ್ಷೆ ಪೆಟ್ಟಿಗೆಯ ಹಿಂದಿನ ಪೋರ್ಟುಗಳಿಗೆ ಸಂಬಂಧಿಸಿದ್ದು. ಹಿಂದಿನ ಪೋರ್ಟುಗಳು ಮದರ್‌ಬೋರ್ಡಿಗೇ ನೇರವಾಗಿ ಬೆಸೆದಿರುತ್ತವೆ. ಮುಂದಿನವು ಪೆಟ್ಟಿಗೆಯೊಳಗಿನ ಕೇಬಲೊಂದರ ಮೂಲಕ ಬೋರ್ಡಿನ ಪಿನ್ನುಗಳಿಗೆ ಸೇರುತ್ತವೆ. ಹಿಂದೆ ನಡೆದು ಮುಂದೆ ನಡೆಯದಿದ್ದರೆ ಆ ಕೇಬಲನ್ನೇ ನೋಡಬೇಕು. ಯು. ಎಸ್. ಬಿ. ೨ರ ಜೋಡಣೆಯಲ್ಲಿ ಐದೈದರ ಎರಡು ಸಾಲುಗಳಿದ್ದು ಒಂದು ಪಿನ್ನು ಇರುವುದಿಲ್ಲ. ತಿರುವುಮುರುವಾಗಿ ಕೂರಬಾರದೆಂದೇ ಈ ಏರ್ಪಾಡು. ಧ್ವನಿಯ ಜೋಡಣೆಯೂ ಇದೇ ಗಾತ್ರದ್ದು, ಆದರೆ ಅದರಲ್ಲಿ ಇಲ್ಲದ ಪಿನ್ನಿನ ಸ್ಥಾನ ಬೇರೆ. ಬಲವಂತದಿಂದ ಒತ್ತಿದರೆ ೫ ವೋಲ್ಟಿನ ತಂತಿ ಸಲ್ಲದ ಜಾಗವನ್ನು ಸೇರಿ ಉಪಕರಣ ಸುಟ್ಟೀತು. ಇಂತಹ ಕೆಲಸಕ್ಕೆ ಮೊದಲು ಗೋಡೆಯ ಪ್ಲಗ್ಗನ್ನು ಕಿತ್ತಿರಬೇಕೆಂಬುದನ್ನು ಮರೆಯಬಾರದು. ಹಿಂದಿನ ಪೋರ್ಟೇ ನಡೆಯದಿದ್ದರೆ, ಅಲ್ಲಿ ಕೂರಿಸಿದ ತಗಡಿನ ಚೌಕಟ್ಟಿನ ನಾಲಗೆಯೊಂದು ಪೋರ್ಟಿನೊಳಗೆ ಮಡಿಸಿಕೊಂಡಿದೆಯೋ ಎಂದು ಟಾರ್ಚು ಹಿಡಿದು ನೋಡಬೇಕು.

ಕಾಣಿಸಿಕೊಂಡು ಮಾಯವಾಗುವ ಹಾರ್ಡ್ ಡಿಸ್ಕಿನ ಕಥೆ ಬೇರೆ. ಯು. ಎಸ್. ಬಿ. ೨ರ ಪೋರ್ಟು ೦.೫ ಆಂಪಿಯರ್, ಯು. ಎಸ್. ಬಿ. ೩ರ ಪೋರ್ಟು ೦.೯ ಆಂಪಿಯರ್ ಪ್ರವಾಹವನ್ನು ಕೊಡಬೇಕೆಂಬುದು ನಿಯಮ. ತಟ್ಟೆ ತಿರುಗತೊಡಗುವ ಕ್ಷಣದಲ್ಲಿ ಚಿಕ್ಕ ಡಿಸ್ಕು ಕೂಡ ಸುಮಾರು ೧ ಆಂಪಿಯರಿನವರೆಗೆ ಸೆಳೆಯಬಲ್ಲುದು. ಈಗ ೨ ಮೀಟರ್ ಉದ್ದದ ಸಣ್ಣ ತಂತಿಯ ಕೇಬಲನ್ನು ತೆಗೆದುಕೊಳ್ಳೋಣ. ೨೮ನೆಯ ಗೇಜಿನ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು ೦.೨೧ ಓಮ್ ರೋಧ. ಪ್ರವಾಹ ಹೋಗಿಬರುವ ದಾರಿ ೪ ಮೀಟರ್, ರೋಧ ೦.೮೪ ಓಮ್. ೦.೯ ಆಂಪಿಯರ್ ಹರಿದಾಗ ದಾರಿಯಲ್ಲಿಯೇ ಸುಮಾರು ೦.೭೬ ವೋಲ್ಟ್ ನಷ್ಟವಾಗಿ, ಡಿಸ್ಕಿಗೆ ಮುಟ್ಟುವುದು ೪.೨೪ ವೋಲ್ಟ್ ಮಾತ್ರ. ಡಿಸ್ಕು ಎಚ್ಚರ ತಪ್ಪಿ ಮತ್ತೆ ಮೊದಲಿನಿಂದ ತೊಡಗುತ್ತದೆ. ಆ ಹೊತ್ತಿನಲ್ಲಿ ಏನನ್ನಾದರೂ ಬರೆಯುತ್ತಿದ್ದರೆ ವರ್ಷಗಳ ಚಿತ್ರಗಳೂ ಟಿಪ್ಪಣಿಗಳೂ ಹಾಳಾಗಬಹುದು. ಆದುದರಿಂದ ಈ ಲಕ್ಷಣ ಕಂಡಾಗ ಮತ್ತೆ ಮತ್ತೆ ಯತ್ನಿಸದೆ, ಗಿಡ್ಡನೆಯ ದಪ್ಪ ತಂತಿಯ ಕೇಬಲಿನಿಂದ ಹಿಂದಿನ ಪೋರ್ಟಿಗೆ ಜೋಡಿಸಬೇಕು. ಇಲ್ಲವೇ ಸ್ವಂತ ವಿದ್ಯುತ್ ಪೂರೈಕೆಯುಳ್ಳ ಹಬ್ಬನ್ನು ಬಳಸಬೇಕು.

ತಂತಿಯಿಲ್ಲದ ಮೌಸು ತಡವರಿಸುವುದಕ್ಕೆ ಮತ್ತೊಂದು ಕಾರಣವುಂಟು. ಸೆಕೆಂಡಿಗೆ ೫೦೦ ಕೋಟಿ ಬಿಟ್‌ಗಳನ್ನು ಸಾಗಿಸುವ ಯು. ಎಸ್. ಬಿ. ೩ರ ಜೋಡಣೆ ರೇಡಿಯೋ ಗದ್ದಲವನ್ನೂ ಹೊರಸೂಸುತ್ತದೆ. ಮೌಸು ಮಾತನಾಡುವ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿಯೂ ಆ ಗದ್ದಲ ಕೇಳಿಬರುವುದೆಂದು ಇಂಟೆಲ್ ಸಂಸ್ಥೆ ೨೦೧೨ರಲ್ಲಿ ಪ್ರಕಟಿಸಿತು. ಗ್ರಾಹಕದ ತುಂಡನ್ನು ವಿಸ್ತರಣ ಕೇಬಲಿನ ಮೂಲಕ ಅಷ್ಟು ದೂರ ತಂದರೆ ಮೌಸು ನೆಟ್ಟಗಾಗುವುದುಂಟು. ಇನ್ನು ಕೆಲವು ವೇಳೆ ದೋಷ ಬೋರ್ಡಿನ ಬಯಾಸಿನಲ್ಲಿಯೇ ಇರುತ್ತದೆ. ೫೦೦ ಶ್ರೇಣಿಯ ಚಿಪ್‌ಸೆಟ್ಟುಗಳ ಬೋರ್ಡುಗಳಲ್ಲಿ ಯು. ಎಸ್. ಬಿ. ಸಂಪರ್ಕ ಆಗಾಗ ಕಡಿದುಹೋಗುವುದೆಂದು ೨೦೨೧ರಲ್ಲಿ ದೂರುಗಳು ಬಂದಾಗ ಎ. ಎಂ. ಡಿ. ಸಂಸ್ಥೆ ಅದನ್ನು ಒಪ್ಪಿಕೊಂಡು ಬಯಾಸಿನ ತಿದ್ದುಪಡಿಯ ಮೂಲಕ ಪರಿಹಾರ ಒದಗಿಸಿತು. ಅಲ್ಲಿಯೂ ಬೇಕಾದದ್ದು ಹೊಸ ಬೋರ್ಡಲ್ಲ.

ಹೀಗೆ ಉಪಕರಣ, ಕೇಬಲು, ಮುಂದಿನ ಪೋರ್ಟು, ಒಳಗಿನ ಕೇಬಲು, ಬೋರ್ಡಿನ ಪಿನ್ನು, ನಿಯಂತ್ರಕ, ಬಯಾಸ್, ಡ್ರೈವರ್ ಎಂದು ಎಂಟು ಕೊಂಡಿಗಳ ಸರಪಣಿಯಾಯಿತು. ಕೆಟ್ಟಿರುವುದು ಒಂದೇ ಕೊಂಡಿ ಎಂದಿಟ್ಟುಕೊಂಡರೆ, ಒಂದೊಂದನ್ನೇ ನೋಡುತ್ತ ಹೋದಾಗ ಏಳು ಪರೀಕ್ಷೆಗಳು ಬೇಕಾದಾವು. ಪ್ರತಿ ಸಲವೂ ಶಂಕಿತರಲ್ಲಿ ಅರ್ಧದಷ್ಟನ್ನು ಬಿಟ್ಟುಬಿಡುವಂತೆ ಪರೀಕ್ಷಿಸಿದರೆ ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗಿ ಮೂರೇ ಪರೀಕ್ಷೆಗಳಲ್ಲಿ ಕಳ್ಳ ಸಿಗುತ್ತಾನೆ. ಅದೇ ಉಪಕರಣವನ್ನು ಅದೇ ಕೇಬಲಿನೊಡನೆ ನೆರೆಮನೆಯ ಕಂಪ್ಯೂಟರಿಗೆ ಜೋಡಿಸಿ ನೋಡಿದರೆ ಎರಡು ಕೊಂಡಿಗಳ ವಿಚಾರ ಒಮ್ಮೆಗೇ ತೀರುತ್ತದೆ. ಹಿಂದಿನ ಪೋರ್ಟಿನ ಪರೀಕ್ಷೆ ಇನ್ನು ಮೂರರ ವಿಚಾರವನ್ನು ತೀರಿಸುತ್ತದೆ.

ಇಲ್ಲಿ ಪಾಲಿಸಲೇಬೇಕಾದ ನಿಯಮವೊಂದಿದೆ: ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಕೇಬಲು, ಪೋರ್ಟು, ಡ್ರೈವರುಗಳನ್ನು ಒಟ್ಟಿಗೆ ಬದಲಾಯಿಸಿದಾಗ ಯಂತ್ರ ಸರಿಹೋದರೂ ಏಕೆ ಸರಿಹೋಯಿತೆಂಬುದು ತಿಳಿಯದು. ದೋಷ ಮರುಕಳಿಸಿದಾಗ ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುವುದು. ಆಗಾಗ ಮಾತ್ರ ತೋರುವ ದೋಷವಾದರೆ ಒಂದು ಸಲದ ಯಶಸ್ಸನ್ನು ನಂಬದೆ ಹತ್ತು ಸಲವಾದರೂ ಪರೀಕ್ಷಿಸಬೇಕು. ಏನನ್ನು ಬದಲಾಯಿಸಿದೆವು, ಏನಾಯಿತು ಎಂಬುದನ್ನು ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆಯುವಂತೆ ಒಂದು ಹಾಳೆಯಲ್ಲಿ ಬರೆದಿಡಬೇಕು.

ಇಷ್ಟೆಲ್ಲ ಮಾಡಿಯೂ ಕಡೆಗೆ ಬೋರ್ಡೇ ಕೆಟ್ಟಿದೆಯೆಂದು ತೀರ್ಮಾನವಾಗಬಹುದು. ಆಗ ಅಂಗಡಿಗೆ ಹೋಗಲೇಬೇಕು. ಆದರೆ ಬೇರೆ ಕಂಪ್ಯೂಟರಿನಲ್ಲಿ ಉಪಕರಣ ನಡೆಯುತ್ತದೆ, ಈ ಬೋರ್ಡಿನ ಹಿಂದಿನ ಪೋರ್ಟಿನಲ್ಲಿ, ಬಯಾಸಿನಲ್ಲಿಯೂ ಕೂಡ, ಹತ್ತಕ್ಕೆ ಹತ್ತು ಸಲವೂ ನಡೆಯುವುದಿಲ್ಲ ಎಂದು ಬರೆದ ಹಾಳೆ ಕೈಯಲ್ಲಿದ್ದರೆ, "ನಿಮ್ಮ ಜೋಡಣೆಯೇ ಸರಿಯಿಲ್ಲ" ಎಂದು ಅಂಗಡಿಯವರು ಸುಲಭವಾಗಿ ಹೇಳಿ ಕಳಿಸಲಾರರು.