ಕಾರಿನ ಗಾಳಿಕಿಂಡಿಯ ದುರ್ವಾಸನೆ: ಕಾರಣವೂ ಪರಿಹಾರವೂ

ಮಳೆಗಾಲ ಮೊದಲಾಯಿತೆಂದರೆ ಕಾರುಳ್ಳ ಸಂಸಾರಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುವುದುಂಟು. ಬೆಳಗ್ಗೆ ಎ.ಸಿ. ಗುಂಡಿಯನ್ನು ಒತ್ತಿದೊಡನೆ, ಒಣಗದ ಕಾಲುಚೀಲದಂಥ ಮುಗ್ಗಲು ವಾಸನೆಯೊಂದು ಮುಖಕ್ಕೆ ಬಂದು ಬಡಿಯುತ್ತದೆ. ಮಕ್ಕಳು ಮೂಗು ಮುಚ್ಚಿಕೊಳ್ಳುತ್ತವೆ. ಯಜಮಾನರು ಸುಗಂಧದ ಶೀಸೆಯೊಂದನ್ನು ತಂದು ಕಿಂಡಿಗೆ ಸಿಕ್ಕಿಸುತ್ತಾರೆ. ಎರಡು ದಿನ ಕಳೆಯುವುದರೊಳಗಾಗಿ ಮುಗ್ಗಲೂ ಮಲ್ಲಿಗೆಯೂ ಬೆರೆತು, ಮೊದಲಿನದೇ ಮೇಲಾಗಿತ್ತೆನ್ನುವ ಹಾಗಾಗುತ್ತದೆ.

ಈ ಸುಗಂಧದ ಚಿಕಿತ್ಸೆಯು ಒಪ್ಪತಕ್ಕದ್ದಲ್ಲ. ಜ್ವರ ಬಂದವನಿಗೆ ಗಂಧ ಪೂಸಿ ಕೂರಿಸಿದಂತೆ ಅದು. ಒಂದೊಂದು ಬಗೆಯ ವಾಸನೆಯೂ ಗಾಡಿಯ ಒಂದೊಂದು ಅಂಗದ ಕಡೆಗೆ ಬೆರಳು ತೋರಿಸುತ್ತದೆ. ಅವುಗಳಲ್ಲಿ ಕೆಲವು ಬರಿಯ ಅಸಹ್ಯ. ಕೆಲವು ಪ್ರಾಣಕ್ಕೇ ಎರವಾಗತಕ್ಕವು. ಇವೆರಡನ್ನೂ ಬೇರ್ಪಡಿಸಿ ತಿಳಿಯುವುದು ಗೃಹಸ್ಥನಿಗೆ ಅವಶ್ಯ.

ಮೊದಲು ಮುಗ್ಗಲಿನ ವಿಚಾರ. ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲಿ ಎವಾಪರೇಟರ್ ಎಂಬ, ತೆಳುವಾದ ಲೋಹದ ಹಾಳೆಗಳ ಅಂಗವೊಂದುಂಟು. ಎ.ಸಿ. ನಡೆಯುವಾಗ ಅದು ಬಹಳ ತಣ್ಣಗಾಗುತ್ತದೆ. ಫ್ಯಾನು ಗಾಳಿಯನ್ನು ಅದರ ನಡುವೆ ತಳ್ಳಿದಾಗ, ತಣ್ಣೀರಿನ ಚೊಂಬಿನ ಹೊರಮೈ ಬೆವರುವಂತೆ ಗಾಳಿಯ ತೇವವು ಅಲ್ಲಿ ಹನಿಗಟ್ಟಿ, ಸಣ್ಣ ಕೊಳವೆಯ ಮೂಲಕ ರಸ್ತೆಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ಕಾಣುವ ತಿಳಿನೀರು ಇದೇ. ಗಾಡಿ ನಿಲ್ಲಿಸಿದ ಮೇಲೂ ಹಾಳೆಗಳ ಸಂದಿಯಲ್ಲಿ ಒದ್ದೆ ಉಳಿಯುತ್ತದೆ. ಅಲ್ಲಿ ಬೆಳಕಿಲ್ಲ, ಧೂಳು ಬೇಕಾದಷ್ಟುಂಟು. ಬೂಷ್ಟಿಗೂ ಸೂಕ್ಷ್ಮಜೀವಿಗಳಿಗೂ ಇದಕ್ಕಿಂತ ಒಳ್ಳೆಯ ತವರುಮನೆ ಮತ್ತಾವುದು? ಮಂಗಳೂರು, ಉಡುಪಿ, ಕಾರವಾರಗಳಂಥ ಕಡಲತೀರದ ಊರುಗಳಲ್ಲಂತೂ ಗಾಳಿಯಲ್ಲಿ ತೇವ ವರ್ಷವಿಡೀ ಹೆಚ್ಚು.

ಇದಕ್ಕೆ ಕಾಸಿನ ಖರ್ಚಿಲ್ಲದ ಉಪಾಯವೊಂದುಂಟು. ಮನೆ ಸೇರುವುದಕ್ಕೆ ಐದು ನಿಮಿಷ ಮೊದಲು ಎ.ಸಿ.ಯನ್ನು ಆರಿಸಿ, ಹೊರಗಿನ ಗಾಳಿ ಒಳಬರುವಂತೆ ಗುಂಡಿ ತಿರುಗಿಸಿ, ಫ್ಯಾನನ್ನು ಮಾತ್ರ ಜೋರಾಗಿ ಓಡಿಸಬೇಕು. ಹಾಳೆಗಳು ಒಣಗುತ್ತವೆ. ಸೆಕೆಯ ನಾಡಿನಲ್ಲಿ ಕಡೆಯ ಐದು ನಿಮಿಷವನ್ನು ಸಹಿಸುವವರು ವಿರಳ. ಆದುದರಿಂದಲೇ ಈ ವಾಸನೆ ಇಷ್ಟು ಸಾಮಾನ್ಯ. ಬೂಷ್ಟು ಆಗಲೇ ಬೇರೂರಿದ್ದರೆ, ಎವಾಪರೇಟರಿಗೆಂದೇ ತಯಾರಿಸಿದ ನೊರೆಯ ಔಷಧದಿಂದ ಮೆಕ್ಯಾನಿಕನು ತೊಳೆಯಬೇಕಾಗುತ್ತದೆ. ಸೆಕೆಯ ದಿನ ಎ.ಸಿ. ಬಹಳ ಹೊತ್ತು ಓಡಿದರೂ ಕಾರಿನ ಕೆಳಗೆ ಹನಿ ಬೀಳದೆ, ಕಾಲಡಿಯ ಹಾಸು ಒದ್ದೆಯಾದರೆ, ಕೊಳವೆ ಕಟ್ಟಿಕೊಂಡಿದೆಯೆಂದೇ ತಿಳಿಯತಕ್ಕದ್ದು.

ಗಾಳಿಯನ್ನು ಸೋಸುವ ಫಿಲ್ಟರನ್ನೂ ಮರೆಯಕೂಡದು. ಬಹಳ ಕಾರುಗಳಲ್ಲಿ ಇದು ಎಡ ಆಸನದ ಮುಂದಿನ ಸಣ್ಣ ಪೆಟ್ಟಿಗೆಯ ಹಿಂದಿರುತ್ತದೆ, ಕೈಯಿಂದಲೇ ತೆಗೆಯಬಹುದು. ಸಾಧಾರಣವಾಗಿ 10,000ದಿಂದ 20,000 ಕಿಲೋಮೀಟರಿಗೊಮ್ಮೆ ಅದನ್ನು ಬದಲಾಯಿಸಬೇಕೆಂದು ಹೇಳುತ್ತಾರೆ; ಧೂಳಿನ ರಸ್ತೆಯವರು ಅಷ್ಟು ಕಾಯಬಾರದು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಮತ್ತೆ ಹಾಕುವ ಮಿತವ್ಯಯವು ಬೂಷ್ಟಿಗೆ ಉಪಕಾರ ಮಾಡಿದಂತೆ. ಹೊಂಗೆಯ ನೆರಳಿನಲ್ಲಿ ಕಾರು ನಿಲ್ಲಿಸುವವರು, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಹೊಗುವ ಜಾಗದಿಂದ ಎಲೆ ಹೂಗಳನ್ನು ಆಗಾಗ ಬಳಿದು ತೆಗೆಯಬೇಕು. ದಿನದಿನಕ್ಕೂ ಹೆಚ್ಚುವ ಕೊಳೆತ ನಾತವಾದರೆ ಒಳಗೆ ಇಲಿ ಸತ್ತಿರುವ ಸಂಭವವೇ ಹೆಚ್ಚು. ಅದನ್ನು ಬರಿಗೈಯಿಂದ ಮುಟ್ಟಬೇಡಿರಿ. ಇಲಿಯ ಮೂತ್ರದಿಂದ ಇಲಿಜ್ವರ ತಗುಲುತ್ತದೆ.

ಇನ್ನು ಸಿಹಿವಾಸನೆ. ಇದು ಹಿತವಾಗಿರುವುದರಿಂದಲೇ ಮೋಸಗೊಳಿಸುತ್ತದೆ. ನಮ್ಮ ಬೀದಿಯ ಗೃಹಸ್ಥರೊಬ್ಬರ ಮಡದಿ, ಕಾರಿನಲ್ಲಿ ಕೂತಾಗಲೆಲ್ಲ, “ಎಲ್ಲೋ ಪಾಕ ಕಾಸಿದ ಹಾಗಿದೆಯಲ್ಲ, ಅಂದ್ರೆ!” ಎನ್ನುತ್ತಿದ್ದರು. “ನಿನಗೆ ಎಲ್ಲಿ ಹೋದರೂ ಅಡಿಗೆಮನೆಯದೇ ಧ್ಯಾನ” ಎಂದು ಅವರು ನಕ್ಕುಬಿಡುತ್ತಿದ್ದರು. ಕೆಲವು ದಿನಗಳಲ್ಲಿ ಮುಂದಿನ ಗಾಜಿನ ಒಳಮೈಗೆ ಎಷ್ಟು ಒರಸಿದರೂ ಹೋಗದ ಜಿಡ್ಡು ಕಟ್ಟಿತು. ಎಡಗಡೆಯ ಕಾಲಡಿಯ ಹಾಸು ಅಂಟಂಟಾಯಿತು. ಆಮೇಲೊಂದು ದಿನ, ಮಕ್ಕಳೊಡನೆ ಶಿರಾಡಿ ಘಟ್ಟವನ್ನು ಹತ್ತುತ್ತಿದ್ದಾಗ ಎಂಜಿನ್ನಿನ ಶಾಖ ಸೂಚಿಸುವ ಮುಳ್ಳು ಕೆಂಪು ಗೆರೆಗೆ ಏರಿ, ಮಳೆಯಲ್ಲಿ ತಿರುವೊಂದರ ಬಳಿ ಎರಡು ಗಂಟೆ ನಿಲ್ಲಬೇಕಾಯಿತು. ಆ ತಾಯಿಯ ಮೂಗು ಹೇಳಿದ್ದೇ ಸರಿ. ಕಾರನ್ನು ಬೆಚ್ಚಗಿಡುವ ಹೀಟರಿನೊಳಗೊಂದು ಪುಟ್ಟ ರೇಡಿಯೇಟರಿದೆ. ನಾವು ಹೀಟರನ್ನು ಉಪಯೋಗಿಸದಿದ್ದರೂ ಅನೇಕ ಕಾರುಗಳಲ್ಲಿ ಕಾದ ಕೂಲೆಂಟು ಅದರೊಳಗೆ ಹರಿಯುತ್ತಲೇ ಇರುತ್ತದೆ. ಅದು ಸೋರಿದರೆ ಈ ಸಿಹಿವಾಸನೆ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರತಕ್ಕ ಎಥಿಲೀನ್ ಗ್ಲೈಕಾಲು ನಾಲಗೆಗೆ ಸಿಹಿ, ಹೊಟ್ಟೆಗೆ ವಿಷ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಆ ಒದ್ದೆಯಿಂದ ದೂರವಿಡಬೇಕು. ಎಂಜಿನ್ನು ಆರಿದ ಮೇಲೆ ಬಾನೆಟ್ಟಿನಡಿಯ ಕೂಲೆಂಟ್ ಡಬ್ಬಿಯ ಗೆರೆಯನ್ನು ನೋಡಿರಿ. ಮಟ್ಟ ಇಳಿಯುತ್ತಲೇ ಇದ್ದರೆ ರಿಪೇರಿಗೆ ತಡಮಾಡಕೂಡದು.

ಕೊಳೆತ ಮೊಟ್ಟೆಯ ವಾಸನೆ ಈಚೆಗೆ ಕಡಿಮೆಯಾಗಿದೆ. 2020ರ ಏಪ್ರಿಲ್ 1ರಿಂದ ದೇಶವೆಲ್ಲಕ್ಕೂ ಬಂದ ಬಿ.ಎಸ್. 6 ಇಂಧನದಲ್ಲಿ ಗಂಧಕದ ಮಿತಿಯು 50ರಿಂದ ದಶಲಕ್ಷಕ್ಕೆ 10 ಭಾಗಕ್ಕೆ ಇಳಿಯಿತು. ಈಗಲೂ ಅದು ಬಂದರೆ ಹೊಗೆಯನ್ನು ಶುದ್ಧಿಮಾಡುವ ಕನ್ವರ್ಟರನ್ನೂ, ಮಿತಿಮೀರಿ ಚಾರ್ಜಾಗುತ್ತಿರಬಹುದಾದ ಬ್ಯಾಟರಿಯನ್ನೂ ತೋರಿಸಬೇಕು.

ಪೆಟ್ರೋಲಿನ ವಾಸನೆಯಾಗಲಿ, ವಯರು ಸುಟ್ಟ ಕಮರಾಗಲಿ ಬಂದರೆ ಪರೀಕ್ಷೆಗೆ ನಿಲ್ಲಬೇಡಿರಿ: ಗಾಡಿಯನ್ನು ಬದಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಬೇಕು. ಕಿಂಡಿಯಿಂದ ಹೊಗೆಕೊಳವೆಯ ವಾಸನೆ ಬಂದರೆ, ಮುಂದಿನ ವಾಹನದ ಹೊಗೆಯೋ ನಮ್ಮದೇ ಸೋರಿಕೆಯೋ ಎಂಬುದನ್ನು ಖಾಲಿ ರಸ್ತೆಯಲ್ಲಿ ಗೊತ್ತುಮಾಡಿಕೊಳ್ಳಬಹುದು. ನಮ್ಮದೇ ಆದಲ್ಲಿ ಕಿಟಕಿಗಳನ್ನೆಲ್ಲ ತೆರೆದು ನೇರವಾಗಿ ರಿಪೇರಿಯವನ ಬಳಿಗೆ ಹೋಗತಕ್ಕದ್ದು. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ತನ್ನದೆಂಬ ವಾಸನೆಯೇ ಇಲ್ಲ. ತಲೆನೋವು, ಓಕರಿಕೆ, ತೂಕಡಿಕೆ ಇವೇ ಅದರ ಸೂಚನೆಗಳು. ನಿದ್ರಿಸುತ್ತಿರುವವನಿಗೆ ಅವೂ ತಿಳಿಯವು. ಸೆಕೆಯೆಂದು ಎಂಜಿನ್ನು, ಎ.ಸಿ. ಓಡುತ್ತಿರುವಂತೆಯೇ ಗಾಜುಗಳನ್ನು ಮುಚ್ಚಿ, ನಿಂತ ಕಾರಿನಲ್ಲಿ ಮಗುವನ್ನು ಮಲಗಿಸುವ ಪದ್ಧತಿಯನ್ನು, ವಾಸನೆ ಇರಲಿ ಇಲ್ಲದಿರಲಿ, ಇಂದೇ ಬಿಡಬೇಕು.